ನಟ್ಟಿಗೆ ಮುಟ್ಟುವ ಬಲ

ಬೀಸುವ ಕಲ್ಲಿನ ಗೂಟವನ್ನು ಅದರ ಅಂಚಿನ ಬಳಿ ನೆಡುತ್ತಾರೆ. ನಡುವಿನ ಕೀಲಿನ ಹತ್ತಿರ ಯಾರೂ ನೆಡುವುದಿಲ್ಲ. ಕೀಲಿನಿಂದ ಕೈ ದೂರವಾದಷ್ಟೂ ಕಲ್ಲು ಹಗುರವಾಗಿ ತಿರುಗುವುದೆಂಬುದನ್ನು ನಮ್ಮ ಹಿರಿಯರು ಅನುಭವದಿಂದಲೇ ಅರಿತಿದ್ದರು. ಕೈಯ ಬಲವನ್ನು, ತಿರುಗುವ ಕೇಂದ್ರದಿಂದ ಆ ಬಲದ ರೇಖೆಗಿರುವ ಲಂಬದೂರದಿಂದ ಗುಣಿಸಿದರೆ ತಿರುಗಿಸುವ ಸಾಮರ್ಥ್ಯದ ಅಳತೆ ದೊರೆಯುತ್ತದೆ. ಇದಕ್ಕೆ ಟಾರ್ಕ್ ಎಂದು ಹೆಸರು, ನಾವು ತಿರುಗುಬಲವೆನ್ನೋಣ. ಇದರ ಮಾನ ನ್ಯೂಟನ್ ಮೀಟರ್.

ಕಲಬುರಗಿಯ ಅಂಚಿನಲ್ಲಿರುವ ಕೋಟನೂರಿನಂತಹ ಊರುಗಳಲ್ಲಿ ಇಂದು ತೊಗರಿಯ ಹೊಲಗಳನ್ನು ಉಳುವುದು ಬಹುಮಟ್ಟಿಗೆ ಟ್ರ್ಯಾಕ್ಟರು. ಅದರ ಒಂದೊಂದು ಭಾಗವನ್ನೂ ಹಿಡಿದಿರುವುದು ನಟ್ಟು ಬೋಲ್ಟುಗಳು. ನಟ್ಟನ್ನು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಸ್ಪ್ರಿಂಗಿನಂತೆ ಹಿಂದಕ್ಕೆ ಸೆಳೆಯುವುದರಿಂದಲೇ ಎರಡು ಭಾಗಗಳು ಒತ್ತಿ ಕೂಡಿರುತ್ತವೆ. ಬಿಗಿ ಸಾಲದಿದ್ದರೆ ಅದುರುವಿಕೆಗೆ ನಟ್ಟು ಸಡಿಲವಾಗಿ ಗಾಲಿಯೇ ಕಳಚೀತು. ಅತಿಯಾದರೆ ಬೋಲ್ಟು ಸೋತು ಮುರಿದೀತು. ಆದುದರಿಂದ ಯಂತ್ರ ತಯಾರಕರು ಯಾವ ನಟ್ಟಿಗೆ ಎಷ್ಟು ತಿರುಗುಬಲ ಬೇಕೆಂದು ಕೈಪಿಡಿಯಲ್ಲಿ ನಮೂದಿಸುತ್ತಾರೆ. ಅದನ್ನು ಅಳೆದು ಬಿಗಿಯುವ ಪಾನಾವೇ ಟಾರ್ಕ್ ರೆಂಚ್. 1918ರಲ್ಲಿ ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬಾತ ನೀರಿನ ಕೊಳವೆಗಳ ಬೋಲ್ಟುಗಳು ಅತಿಯಾಗಿ ಬಿಗಿಯಾಗುವುದನ್ನು ತಡೆಯಲು ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಬಗೆಯಲ್ಲಿ, ಬೇಕಾದ ಅಂಕಿಗೆ ಹಿಡಿಯನ್ನು ತಿರುಗಿಸಿಟ್ಟರೆ, ಅಷ್ಟು ಬಲ ಬಿದ್ದೊಡನೆ ಅದು ‘ಟಿಕ್’ ಎಂದು ಸದ್ದು ಮಾಡುತ್ತದೆ.

ಆದರೆ ಆ ಸದ್ದು ತಿಳಿಸುವುದು ಪಾನಾದ ತಲೆಯಲ್ಲಿರುವ ತಿರುಗುಬಲವನ್ನು. ನಟ್ಟು ಆ ತಲೆಯ ನೇರದಲ್ಲಿಯೇ ಇದ್ದರೆ ಎರಡೂ ಒಂದೇ. ಇಲ್ಲವಾದರೆ?

ಡೀಸೆಲ್ ಎಂಜಿನ್ನಿನ ಇಂಧನ ಕೊಳವೆಯ ನಟ್ಟನ್ನು ನೋಡಿರಿ. ನಟ್ಟಿನ ನಡುವೆ ಕೊಳವೆ ಹಾದುಹೋಗಿರುವುದರಿಂದ ಬಟ್ಟಲಿನಂತಹ ಸಾಕೆಟ್ಟನ್ನು ಅದರ ಮೇಲೆ ಕೂರಿಸಲಾಗದು. ಅಲ್ಲಿ ಬಾಯಿ ತೆರೆದ ಒಂದು ತುಂಡನ್ನು ಪಾನಾದ ತಲೆಗೆ ಜೋಡಿಸಬೇಕು. ಇದರ ಹೆಸರು ಕ್ರೋಫೂಟ್, ಎಂದರೆ ಕಾಗೆಯ ಪಾದ. ಪಾನಾದ ತಲೆಯಿಂದ ಕೈ ಹಿಡಿಯುವ ಸ್ಥಳಕ್ಕೆ 25 ಸೆಂಟಿಮೀಟರ್, ತಲೆಯಿಂದ ನಟ್ಟಿನ ನಡುವಿಗೆ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಪಾನಾವನ್ನು 24 ನ್ಯೂಟನ್ ಮೀಟರಿಗೆ ಇಟ್ಟರೆ, ಕೈ 96 ನ್ಯೂಟನ್ ಬಲ ಹಾಕಿದಾಗ ಸದ್ದು ಬರುತ್ತದೆ. ತುಂಡು ಪಾನಾದ ನೇರಕ್ಕೆ ಮುಂದೆ ಚಾಚಿದ್ದರೆ ಕೈಗೂ ನಟ್ಟಿಗೂ ಇರುವ ದೂರ 30 ಸೆಂಟಿಮೀಟರ್. ನಟ್ಟಿಗೆ ಮುಟ್ಟಿದುದು 28.8! ಐದನೆಯ ಒಂದು ಪಾಲು ಹೆಚ್ಚು. ಅಂತರರಾಷ್ಟ್ರೀಯ ಮಾನಕವು 10 ನ್ಯೂಟನ್ ಮೀಟರಿಗೆ ಮೇಲ್ಪಟ್ಟ ಇಂತಹ ಪಾನಾಗಳಿಗೆ ಶೇಕಡಾ 4ರಷ್ಟು ವ್ಯತ್ಯಾಸವನ್ನು ಮಾತ್ರ ಒಪ್ಪುತ್ತದೆ. ಅಷ್ಟು ನಿಖರವಾದ ಉಪಕರಣಕ್ಕೆ ಬೆರಳುದ್ದದ ಒಂದು ಕಬ್ಬಿಣದ ತುಂಡು ಶೇಕಡಾ 20ರ ತಪ್ಪನ್ನು ಅಂಟಿಸಿಬಿಡುತ್ತದೆ. ಪಾನಾ ಮಾತ್ರ ಎಂದಿನಂತೆಯೇ ಸದ್ದು ಮಾಡುತ್ತದೆ.

ಪರಿಹಾರ ಸರಳವಾಗಿದೆ. ಬೇಕಾದ ಅಂಕಿಯನ್ನು 25ರಿಂದ ಗುಣಿಸಿ 30ರಿಂದ ಭಾಗಿಸಿರಿ. 24ರ ಬದಲು 20ಕ್ಕೆ ಇಟ್ಟರೆ ನಟ್ಟಿಗೆ ಸರಿಯಾಗಿ 24 ಮುಟ್ಟುತ್ತದೆ. ತುಂಡನ್ನು ಹಿಡಿಯ ಕಡೆಗೇ ಮಡಚಿ ಜೋಡಿಸಿದರೆ ದೂರ 20 ಸೆಂಟಿಮೀಟರಿಗೆ ಇಳಿದು, ಬಲ ಕಡಿಮೆಯಾಗುತ್ತದೆ. ಪಾನಾಕ್ಕೆ ಲಂಬವಾಗಿ, ಮೂಲೆಮಟ್ಟದ ಆಕಾರದಲ್ಲಿ ಜೋಡಿಸಿದರೆ? ಬಲದ ರೇಖೆಗಿರುವ ಲಂಬದೂರ ಆಗಲೂ 25 ಸೆಂಟಿಮೀಟರೇ. ಲೆಕ್ಕದ ಗೊಡವೆಯೇ ಇಲ್ಲ. ಜಾಗವಿದ್ದಲ್ಲಿ ನುರಿತ ಮಿಸ್ತ್ರಿಗಳು ಹೀಗೆ ಜೋಡಿಸುವುದರಲ್ಲಿ ಜಾಣತನವಿದೆ.

ಬಸ್ಸು ಲಾರಿಗಳ ಹಿಂಬದಿಯ ಜೋಡಿಗಾಲಿಗಳ ನಟ್ಟುಗಳು ಒಳಗೆ ಹುದುಗಿರುವುದರಿಂದ ಅಲ್ಲಿ ಬೇಕಾಗುವುದು ಉದ್ದನೆಯ ಸರಳು. ಉದ್ದವಾಯಿತೆಂದು ಇದಕ್ಕೂ ಲೆಕ್ಕ ಹಾಕಹೊರಡುವವರಿದ್ದಾರೆ, ಅಗತ್ಯವಿಲ್ಲ. ಸರಳು ತಿರುಗುವ ಅಚ್ಚಿನ ನೇರದಲ್ಲಿಯೇ ಇರುವುದರಿಂದ ಕೈಯ ಲಂಬದೂರ ಬದಲಾಗದು. ಸರಳು ಕೊಂಚ ತಿರುಚಿಕೊಂಡರೂ, ಬಾವಿಯ ಹಗ್ಗ ಎಳೆತವನ್ನು ತುದಿಯವರೆಗೆ ಒಯ್ಯುವಂತೆ, ಒಂದು ತುದಿಯ ತಿರುಗುಬಲವನ್ನು ಇನ್ನೊಂದು ತುದಿಗೆ ಒಯ್ಯುತ್ತದೆ. ಅದು ವಾಲದಂತೆ ಇನ್ನೊಂದು ಕೈಯಿಂದ ಆನಿಸಿ ಹಿಡಿಯಬೇಕು, ಅಷ್ಟೇ. ಗಾಳಿಯ ಒತ್ತಡದಿಂದ ಬಡಿದು ತಿರುಗಿಸುವ ಯಂತ್ರದ ಮಾತು ಬೇರೆ. ಅಲ್ಲಿ ಪ್ರತಿಯೊಂದು ಬಡಿತದ ಸ್ವಲ್ಪ ಭಾಗವನ್ನು ಸರಳಿನ ತಿರುಚುವಿಕೆಯೇ ನುಂಗುತ್ತದೆ.

ಇನ್ನು ಕೈ ಹಿಡಿಯುವ ಸ್ಥಳ. ತಯಾರಕರು ಹಿಡಿಯ ಮೇಲೆ ಗೆರೆಯನ್ನೋ ಹಿಡಿಕೆಯನ್ನೋ ಮಾಡಿರುವುದು ಅಂದಕ್ಕಲ್ಲ. ಮೇಲಿನ 25 ಸೆಂಟಿಮೀಟರ್ ಎಂಬ ಲೆಕ್ಕ ಕೈ ಅಲ್ಲಿದ್ದಾಗ ಮಾತ್ರ ಸರಿ. ಹಿಡಿಗೆ ಕೊಳವೆ ತೊಡಿಸಿ 50 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, ಕ್ರೋಫೂಟ್ ಸೇರಿಸುವ ತಪ್ಪು ಶೇಕಡಾ 20ರಿಂದ 10ಕ್ಕೆ ಬದಲಾಗಿ, ತಿದ್ದಿದ ಅಂಕಿಯೇ ಕೆಟ್ಟುಹೋಗುತ್ತದೆ. ತುಕ್ಕು ಹಿಡಿದ ನಟ್ಟನ್ನು ಬಿಚ್ಚಲು ಕೊಳವೆ ತೊಡಿಸುವುದುಂಟು. ಆ ಕೆಲಸಕ್ಕೆ ಸಾಮಾನ್ಯ ಪಾನಾ ಇದೆ.