ಪೋರಬಂದರಿನ ಕಲ್ಲು, ಮುಂಬಯಿಯ ಗೋಪುರ

ಮುಂಬಯಿಯಲ್ಲಿ ನೆಲಸಿದ ಕನ್ನಡಿಗರಲ್ಲಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವನ್ನು ಕಾಣದವರು ವಿರಳ. ಪ್ರೇಮಚಂದ ರಾಯಚಂದರು ತಾಯಿಯ ಹೆಸರಿನಲ್ಲಿ ಧನವಿತ್ತು ಕಟ್ಟಿಸಿದ ಈ ಗೋಪುರವು 1878ರಲ್ಲಿ ಪೂರ್ಣಗೊಂಡಿತು. ಗೋಪುರಕ್ಕೂ ಅದರಡಿಯ ಗ್ರಂಥಾಲಯಕ್ಕೂ ಕುರ್ಲಾದ ಕಲ್ಲಿನೊಡನೆ ಬಳಕೆಯಾದುದು ಸೌರಾಷ್ಟ್ರದ ಪೋರಬಂದರಿನ ಸುಣ್ಣಕಲ್ಲು.

ಮುಂಬಯಿಯ ನೆಲದ ಕರಿಗಲ್ಲು ಭಾರ ಹೊರಲು ಸಮರ್ಥವಾದರೂ ನಯವಾದ ಕೆತ್ತನೆಗೆ ಸುಲಭವಾಗಿ ಒಗ್ಗದು. ಕೆನೆಬಣ್ಣದ ಪೋರಬಂದರಿನ ಕಲ್ಲಾದರೋ ಉಳಿಗೆ ಮಣಿದು ಎಲೆ, ಹೂ, ಮುಖಗಳಾಗುತ್ತದೆ. ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪುಗಳೂ ಮರಳೂ ಸುಣ್ಣದಿಂದ ಬೆಸೆದು ಆದ ಕಲ್ಲಿದು.

ಆದರೆ ಆ ಮೃದುತ್ವವೇ ಇದಕ್ಕೆ ಅಪಾಯವೂ ಹೌದು. ಹೊಗೆ ಬೆರೆತು ಹುಳಿಯಾದ ಮಳೆನೀರು ಸುಣ್ಣವನ್ನು ಕರಗಿಸುತ್ತದೆ. ಬಿರುಕಿಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವವು ಅದರ ಮೂಲಕ ಹೊರಬರಲಾರದೆ ಪಕ್ಕದ ಕಲ್ಲಿಗೆ ಹೊರಳಿ, ಉಪ್ಪುಗಟ್ಟಿ, ಆ ಕಲ್ಲನ್ನೇ ಪುಡಿಮಾಡುತ್ತದೆ. ಸುಣ್ಣಕಲ್ಲಿಗೆ ಸುಣ್ಣದ ಗಾರೆಯೇ ಔಷಧ.

ಈ ಗೋಪುರವೂ ಸೇರಿದ ಕಟ್ಟಡಗಳ ಸಮೂಹವನ್ನು ಯುನೆಸ್ಕೊ 2018ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಗರದ ಹಳೆಯ ಕಟ್ಟಡಗಳಲ್ಲಿ ಹೋಟೆಲು, ಅಂಗಡಿ, ಕಚೇರಿ ನಡೆಸುವ ನಮ್ಮವರೂ ಉಂಟು. ದುರಸ್ತಿಗೆ ಕೈಹಚ್ಚುವಾಗ, ಸಿಮೆಂಟಿನ ಚೀಲ ಬಿಚ್ಚುವ ಮೊದಲು, ಗೋಡೆಯ ಕಲ್ಲು ಯಾವುದೆಂದು ಕೇಳಿ ತಿಳಿಯಬೇಕೆಂದು ನಾವು ಅವರನ್ನು ವಿನಂತಿಸುತ್ತೇವೆ.