ಕೊಯ್ಲಿನ ಯಂತ್ರ ಕರೆಸುವ ಮುನ್ನ



ಗದ್ದೆ ನಿಮ್ಮದು, ಬೆಳೆ ನಿಮ್ಮದು. ಆದರೆ ಕೊಯ್ಲು ಈಗ ಬಹುಮಟ್ಟಿಗೆ ಹೊರಗಿನವರ ಕೈಗೆ ಹೋಗಿದೆ. ತುಂಗಭದ್ರಾ, ಭದ್ರಾ ಅಚ್ಚುಕಟ್ಟುಗಳಲ್ಲಿ ಮುಂಗಾರಿನ ಭತ್ತ ಮಾಗುತ್ತಲೂ ಕಂಬೈನ್ ಯಂತ್ರಗಳು ಬಂದು ಇಳಿಯುತ್ತವೆ. ನಾಲ್ಕೈದು ತಿಂಗಳ ದುಡಿಮೆಯನ್ನು ಕೆಲವೇ ಗಂಟೆಗಳ ಕೆಲಸಕ್ಕೆ ಒಪ್ಪಿಸುವಾಗ, ಬಾಡಿಗೆ ಎಷ್ಟು ಅಂತ ಮಾತ್ರ ಕೇಳಿದರೆ ಸಾಲದು. ಯಾವ ಲೆಕ್ಕದ ಬಾಡಿಗೆ ಎಂಬುದನ್ನೂ ಕೇಳಬೇಕು.

ಎಕರೆ ಲೆಕ್ಕವಾದರೆ ಚಾಲಕ ಬೇಗ ಮುಗಿಸಲು ನೋಡುತ್ತಾನೆ. ಅತಿ ವೇಗವಾಗಿ ಓಡಿಸಿದರೆ ಕಾಳು ಹುಲ್ಲಿನ ಜೊತೆಗೇ ನೆಲ ಸೇರುತ್ತದೆ. ಇದನ್ನು ಪರೀಕ್ಷಿಸೋದು ಕಷ್ಟವಲ್ಲ. ಯಂತ್ರ ಹಾದುಹೋದ ಕಡೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಅಳೆದು, ಹುಲ್ಲು ಸರಿಸಿ ಕಾಳು ಎಣಿಸಿ. ಹುಲ್ಲು ಬಿದ್ದ ಕಡೆ, ಬೀಳದ ಕಡೆ, ಹೀಗೆ ನಾಲ್ಕು ಜಾಗದಲ್ಲಿ ನೋಡಿ ಸರಾಸರಿ ತೆಗೆಯಿರಿ. ಮಧ್ಯಮ ಗಾತ್ರದ ಭತ್ತ 40 ಕಾಳು ಸುಮಾರು ಒಂದು ಗ್ರಾಂ ತೂಗುತ್ತದೆ. ಅಂದರೆ ಚದರ ಮೀಟರಿಗೆ 40 ಕಾಳು ಬಿದ್ದರೆ ಎಕರೆಗೆ 4 ಕಿಲೋ ನಷ್ಟ. 400 ಬಿದ್ದರೆ 40 ಕಿಲೋ! ಮೊದಲ ಸುತ್ತಿನಲ್ಲೇ ಎಣಿಸಿ ಹೇಳಿದರೆ ಚಾಲಕ ವೇಗ ತಗ್ಗಿಸಿಯಾನು. ಗದ್ದೆ ಮುಗಿದ ಮೇಲೆ ಹೇಳಿ ಏನು ಬಂತು?

ಗಂಟೆ ಲೆಕ್ಕದ ತೊಡಕೇ ಬೇರೆ. ಭತ್ತ ತುಂಬುವ ಟ್ರಾಲಿ ಬರುವುದು ತಡವಾದರೆ ಯಂತ್ರ ನಿಂತಲ್ಲೇ ಗುಡುಗುಡು ಅನ್ನುತ್ತಿರುತ್ತದೆ, ನಿಮ್ಮ ಹಣ ಓಡುತ್ತಿರುತ್ತದೆ. ಶುರುವಾಗುವಾಗ, ಮುಗಿಯುವಾಗ ಇಬ್ಬರೂ ಕೂಡಿ ಮೀಟರ್ ನೋಡಿ ಬರೆದುಕೊಳ್ಳಿ. ಬೆಲ್ಟ್ ಹರಿದು ನಿಂತ ಹೊತ್ತು ಯಂತ್ರದವರ ಲೆಕ್ಕಕ್ಕೆ. ನೀವು ಗದ್ದೆಯ ನೀರು ಬಸಿಯದೆ ಬಿಟ್ಟು ಯಂತ್ರ ಕೆಸರಿನಲ್ಲಿ ಹೂತರೆ ಅದು ನಿಮ್ಮ ಲೆಕ್ಕಕ್ಕೆ. ಅದನ್ನು ಅವರ ತಲೆಗೆ ಕಟ್ಟೋದು ನ್ಯಾಯವಲ್ಲ. ಕೊಯ್ಲಿಗೆ ಎಂಟು-ಹತ್ತು ದಿನ ಮೊದಲೇ ನೀರು ಕಟ್ಟಿ ಗದ್ದೆ ಆರಿಸಿ.

"ಇಷ್ಟೆಲ್ಲ ಯಾರು ಬರೀತಾರೆ ಸ್ವಾಮಿ?" ಅಂತ ನೀವು ಕೇಳಬಹುದು. ಛಾಪಾಕಾಗದವೇನೂ ಬೇಡ, ಅರ್ಧ ಹಾಳೆ ಸಾಕು. ದರ, ಬರುವ ದಿನ, ಟೈರಿನ ಯಂತ್ರವೋ ಚೈನಿನದೋ, ಕೆಟ್ಟು ನಿಂತ ಹೊತ್ತಿನ ಲೆಕ್ಕ, ಮಳೆ ಬಂದರೆ ಮುಂದೇನು, ಇಷ್ಟು ಬರೆದು ಇಬ್ಬರೂ ಸಹಿ ಹಾಕಿ. ಮಧ್ಯವರ್ತಿಯ ಮೂಲಕ ಗೊತ್ತುಮಾಡಿದ್ದರೆ ಚಾಲಕನ ಎದುರಿಗೂ ಓದಿ ಹೇಳಿ, ಏಕೆಂದರೆ ಫೋನಿನಲ್ಲಿ ಅವನು ಕೊಟ್ಟ ಮಾತು ಚಾಲಕನಿಗೆ ಗೊತ್ತೇ ಇರೋದಿಲ್ಲ. ಅಕ್ಕಪಕ್ಕದ ಗದ್ದೆಯವರು ಎಂಟು-ಹತ್ತು ಜನ ಕೂಡಿ ಕರೆಸಿದರೆ ಯಂತ್ರದ ಓಡಾಟ ಉಳಿಯುತ್ತದೆ, ದರದ ಮಾತಿಗೂ ಬಲ ಬರುತ್ತದೆ. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಕೇಂದ್ರ ಹತ್ತಿರದಲ್ಲಿದ್ದು, ಅಲ್ಲಿ ಕಂಬೈನ್ ಇದ್ದರೆ, ಅದರ ದರವನ್ನೂ ವಿಚಾರಿಸಿಕೊಂಡು ಮಾತಿಗೆ ಕೂಡಿ.

ಯಂತ್ರ ಊರಿಗೆ ಬಂದಿದೆ ಎಂದು ಹಸಿ ಬೆಳೆ ಕೊಯ್ಸಬೇಡಿ. ಬೆಂಬಲ ಬೆಲೆಗೆ ಕೊಡುವ ಭತ್ತದ ತೇವಾಂಶ ಶೇಕಡ 17 ಮೀರುವಂತಿಲ್ಲ.

ಗದ್ದೆಯ ಮೂಲೆ ಮೂಲೆ ನೋಡುವ ತನಕ ಪೂರ್ತಿ ಹಣ ಕೊಡಬೇಡಿ. ನೋಡಿ ಒಪ್ಪಿದ ಮೇಲೆ ಅಂದೇ ಕೊಟ್ಟುಬಿಡಿ. ಮಳೆ ಮೋಡ ಕವಿದ ದಿನ ಹತ್ತು ಜನ ಕರೆದರೆ, ಯಂತ್ರದವರು ಮೊದಲು ಹೋಗುವುದು ಹಣ ಬಾಕಿ ಇಡದವರ ಗದ್ದೆಗೆ.

ಬಿತ್ತನೆಗೆ ಭತ್ತ ಇಡುವವರಿಗೆ ಇನ್ನೊಂದು ಮಾತು. ಯಂತ್ರದೊಳಗೆ ಹಿಂದಿನ ಗದ್ದೆಯ ಬೇರೆ ತಳಿಯ ಕಾಳು, ಕಳೆ ಬೀಜ ಉಳಿದಿರುತ್ತವೆ. ಶುಚಿ ಮಾಡಿಸಿಯೇ ಗದ್ದೆಗೆ ಇಳಿಸಿ. ಆದರೂ ಮೊದಲು ಬಂದ ಒಂದೆರಡು ಚೀಲ ಬೀಜಕ್ಕೆ ಬೇಡ, ಊಟಕ್ಕೆ ಇಟ್ಟುಕೊಳ್ಳಿ.