ಸುಳ್ಳು ಹಿಡಿಯೋ ಮಿಷನ್ ಬೇಕಾ?

ಕೆ.ಆರ್. ಪೇಟೆ ಕಡೆ ಇರುವ ನಮ್ಮ ದೊಡ್ಡಪ್ಪನ ಮಗನಿಗೆ ಪೊಲೀಸ್ ಕೆಲಸ ಸಿಕ್ಕಿತು. ಸೇರುವ ಮುಂಚೆ ಠಾಣೆಯಿಂದ ಒಬ್ಬರು ಬಂದು, ಹುಡುಗ ಹೆಂಗೆ, ಕೇಸು ಗೀಸು ಏನಾದ್ರೂ ಐತಾ ಅಂತ ಟೀ ಅಂಗಡಿಯಲ್ಲಿ, ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸಿದರು. ಇಷ್ಟೆಲ್ಲ ಯಾಕೆ, ಸುಳ್ಳು ಹಿಡಿಯೋ ಮಿಷನ್ ಮುಂದೆ ಕೂರಿಸಿದ್ರೆ ಆಗಲ್ವಾ ಅಂತ ನನಗೆ ಅನ್ನಿಸಿತು. ಮೇಷ್ಟ್ರನ್ನು ಕೇಳಿ, ಓದಿ, ತಿಳಿದದ್ದನ್ನು ಬರೆದಿದ್ದೇನೆ.

ಆ ಯಂತ್ರದ ಹೆಸರು ಪಾಲಿಗ್ರಾಫ್. ಎದೆಗೆ, ತೋಳಿಗೆ ಪಟ್ಟಿ ಸುತ್ತಿ, ಬೆರಳಿಗೆ ತಂತಿ ಸಿಕ್ಕಿಸಿ ಪ್ರಶ್ನೆ ಕೇಳುತ್ತಾರೆ. ಉಸಿರು, ನಾಡಿ, ರಕ್ತದೊತ್ತಡ, ಬೆವರು ಇವುಗಳ ಏರಿಳಿತವನ್ನು ಅದು ಗೆರೆಯಾಗಿ ತೋರಿಸುತ್ತದೆ. ಸುಳ್ಳಿಗೇ ಅಂತ ಬೇರೆ ಗೆರೆ ಇಲ್ಲ! ಗಾಬರಿಯಾದರೂ ಗೆರೆ ಏರುತ್ತದೆ. ಒಂದು ಸಲ ಕಿಟಕಿ ಗಾಜು ಒಡೆದವರು ಯಾರು ಅಂತ ಕೇಳಿದಾಗ, ಒಡೆಯದೇ ಇದ್ದ ನನ್ನ ಎದೆ ಡವಡವ ಅಂತಿತ್ತು. ಮಿಷನ್ ಇದ್ದಿದ್ದರೆ ನಾನೇ ಸಿಕ್ಕಿಬೀಳುತ್ತಿದ್ದೆ.

ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ.ಯ ನೌಕರ ಆಲ್ಡ್ರಿಚ್ ಏಮ್ಸ್ 1985ರಿಂದ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ. 1986ರಲ್ಲಿ, 1991ರಲ್ಲಿ ಎರಡು ಸಲವೂ ಪಾಲಿಗ್ರಾಫ್ ಪಾಸಾದ! ಸಂಬಳಕ್ಕೆ ಮೀರಿದ ಮನೆ, ಕಾರು, ಬ್ಯಾಂಕಿನ ದುಡ್ಡು ಅನುಮಾನ ತಂದವು. 1994ರಲ್ಲಿ ಬಂಧನವಾಯಿತು. 2003ರಲ್ಲಿ ಅಲ್ಲಿನ ವಿಜ್ಞಾನಿಗಳ ರಾಷ್ಟ್ರೀಯ ಸಮಿತಿಯೇ, ನೌಕರರನ್ನು ಸೋಸಲು ಈ ಯಂತ್ರ ಸಾಲದು ಎಂದಿತು.

ಇದರ ಬದಲು ಮಿದುಳಿನ ಅಲೆ ನೋಡುವ ಬ್ರೈನ್ ಮ್ಯಾಪಿಂಗ್ ಬಂತು. 2008ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಸಮಿತಿ ಅದೂ ವೈಜ್ಞಾನಿಕವಲ್ಲ ಎಂದಿತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಯಾರಿಗೂ ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್, ಮಂಪರು ಪರೀಕ್ಷೆ ಮಾಡಕೂಡದು ಎಂದು ತೀರ್ಪು ಕೊಟ್ಟಿತು. (ಅದು ಅಪರಾಧ ತನಿಖೆಯ ಮಾತು, ನೌಕರಿಯದ್ದಲ್ಲ.)

ಹಾಗಾದರೆ ಸರ್ಕಾರ ನಂಬುವುದು ಹೇಗೆ? ಅಂಕಪಟ್ಟಿ ಅಸಲಿಯೋ ನೋಡುವುದು, ಪೊಲೀಸ್ ವಿಚಾರಣೆ, ವರ್ಷ ವರ್ಷ ನೌಕರರಿಂದ ಆಸ್ತಿ ವಿವರ ಪಡೆಯುವುದು. ಏಮ್ಸ್‌ನ ಕಥೆ ನೋಡಿದರೆ ಕೊನೆಯದೇ ಗಟ್ಟಿ ಉಪಾಯ ಅಂತ ನನ್ನ ಅಭಿಪ್ರಾಯ. ಇನ್ನೊಂದು, ಒಬ್ಬರ ಕೈಗೇ ಎಲ್ಲ ಬಿಡದಿರುವುದು. ಮೇಲುಕೋಟೆಯ ವೈರಮುಡಿ ಮಂಡ್ಯದ ಖಜಾನೆಯಲ್ಲಿರುತ್ತದಲ್ಲ, ಉತ್ಸವಕ್ಕೆ ಹೊರಡುವಾಗ ಅಧಿಕಾರಿಗಳು, ಅರ್ಚಕರು, ಪೊಲೀಸರು ಎಲ್ಲರೂ ಜೊತೆಗಿರುತ್ತಾರೆ. ಅಲ್ಲಿ ಯಾರ ನಾಡಿಯನ್ನೂ ಹಿಡಿದು ನೋಡುವುದಿಲ್ಲ.

ಊರಿನ ವಿಚಾರಣೆಗೂ ಒಂದು ಕುಂದು ಉಂಟು. ಆಗದವರು ಚಾಡಿ ಹೇಳಬಹುದು. ದೊಡ್ಡಪ್ಪನಿಗೂ ಪಕ್ಕದ ಹೊಲದವರಿಗೂ ಬದುವಿನ ಜಗಳ. ಪೊಲೀಸಿನವರು ಅವರನ್ನೇ ಕೇಳಿದಾಗ ಮನೆಯವರೆಲ್ಲ ಹೆದರಿದ್ದರು. ಅವರು, “ಹುಡುಗ ಚಿನ್ನದಂಥೋನು ಸ್ವಾಮಿ, ಅವರಪ್ಪಂದೇ ತಕರಾರು” ಅಂದರಂತೆ.